ಹಾವಿಗೆ ಆಮೆ ಜೊತೆಗಾರನಲ್ಲ

ಆಫ್ರಿಕಾದ ಹೆಬ್ಬಾವು, ಆಸ್ಟ್ರೇಲಿಯಾದ ಓತಿ, ಅಮೆರಿಕದ ಆಮೆ. ಹಜಾರದ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಮೂರೂ ಒಟ್ಟಿಗೆ! ನೋಡುವವರ ಕಣ್ಣಿಗೆ ಹಬ್ಬ. ಒಳಗಿರುವವಕ್ಕೆ? ಉತ್ತರ ಬೇಕಿದ್ದವರು ಚೆನ್ನೈನ ವಿಮಾನ ನಿಲ್ದಾಣದಿಂದ ಹೊರಟು, ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಮಡಕೆಗಳನ್ನೂ ಮೊಸಳೆ ಬ್ಯಾಂಕನ್ನೂ ನೋಡಿ ಬರಬೇಕು.

2023ರ ಏಪ್ರಿಲ್ 28. ಕ್ವಾಲಾಲಂಪುರದ ವಿಮಾನ ಚೆನ್ನೈನಲ್ಲಿ ಇಳಿದಿದೆ. ಪ್ರಯಾಣಿಕರೊಬ್ಬರ ಲಗೇಜಿನ ಮೇಲೆ ಕಸ್ಟಮ್ಸ್ ಅಧಿಕಾರಿಗಳ ಕಣ್ಣು ಬಿತ್ತು. ತೆರೆದರೆ ಪ್ಲಾಸ್ಟಿಕ್ ಡಬ್ಬಿಗಳು. ಡಬ್ಬಿಗಳ ತುಂಬ ಹಾವುಗಳು.

ಕೆಲವು ನುಸುಳಿ ಹೊರಬಂದವು. ಸಿಬ್ಬಂದಿ ಉದ್ದನೆಯ ಕೋಲು ಹಿಡಿದು ಅವನ್ನು ಎತ್ತುತ್ತಿದ್ದ ವಿಡಿಯೊ ಮುಂದೆ ದೇಶದ ಮೊಬೈಲುಗಳಲ್ಲೆಲ್ಲ ಓಡಾಡಿತು. ಕೊನೆಗೆ ಸಿಕ್ಕ ಲೆಕ್ಕ: ಬೇರೆ ಬೇರೆ ಜಾತಿಯ 22 ಹಾವು, ಒಂದು ಗೋಸುಂಬೆ.

ಸುದ್ದಿಯಲ್ಲಿ ಹಾವುಗಳೇ ಮೆರೆದವು. ನನಗೆ ಅಯ್ಯೋ ಅನ್ನಿಸಿದ್ದು ಆ ಒಂದು ಗೋಸುಂಬೆಯನ್ನು ಕಂಡು. ತನ್ನದೇ ಜಾತಿಯ ಇನ್ನೊಂದು ಎದುರು ಬಂದರೂ ಮೈಬಣ್ಣ ಬದಲಿಸಿ ಉಬ್ಬಿ ನಿಲ್ಲುವ ಪ್ರಾಣಿ ಅದು. ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡರೂ ಕಂಗೆಡುತ್ತದೆ. ಅದಕ್ಕೆ ಸಹಪ್ರಯಾಣಿಕರಾಗಿ ಸಿಕ್ಕಿದ್ದು 22 ಹಾವು.

ಇದೇನೂ ಒಂಟಿ ಪ್ರಕರಣವಲ್ಲ. ಅದೇ ವರ್ಷದ ಜನವರಿಯಲ್ಲಿ ಬ್ಯಾಂಕಾಕಿನಿಂದ ಬಂದು ವಾರಸುದಾರರಿಲ್ಲದೆ ಚೆನ್ನೈನಲ್ಲಿ ಬಿದ್ದಿದ್ದ ಚೀಲಗಳಲ್ಲಿ 45 ಬಾಲ್ ಪೈಥಾನ್, 8 ಕಾರ್ನ್ ಸ್ನೇಕ್, 3 ಮಾರ್ಮೊಸೆಟ್ ಕೋತಿ, 3 ನಕ್ಷತ್ರ ಆಮೆ ಸಿಕ್ಕವು. ಜುಲೈನಲ್ಲಿ ತಿರುಚ್ಚಿ ನಿಲ್ದಾಣದ ಸರದಿ: 47 ಹೆಬ್ಬಾವು, 2 ಹಲ್ಲಿ. ಬೆಂಗಳೂರೂ ಹಿಂದೆ ಬೀಳಲಿಲ್ಲ. ಸೆಪ್ಟೆಂಬರಿನಲ್ಲಿ ಕೆಂಪೇಗೌಡ ನಿಲ್ದಾಣದಲ್ಲಿ ಸಿಕ್ಕ ಸಾಮಾನಿನಲ್ಲಿ 55 ಬಾಲ್ ಪೈಥಾನುಗಳೊಂದಿಗೆ 17 ಕಾಳಿಂಗ ಸರ್ಪಗಳಿದ್ದವು. ಆರು ಕ್ಯಾಪುಚಿನ್ ಕೋತಿಗಳು ದಾರಿಯಲ್ಲೇ ಸತ್ತಿದ್ದವು.

ಕಾಳಿಂಗದ ಮುಖ್ಯ ಆಹಾರವೇ ಹಾವು. ಅದರ ಪಾಲಿಗೆ ಆ ಲಗೇಜು ಬುತ್ತಿಗಂಟು.

ಕಣ್ಣಿಗೆ ಚಂದ, ಅಷ್ಟೇ

ಇಷ್ಟೆಲ್ಲ ಯಾರಿಗಾಗಿ? ಕೊಳತ್ತೂರಿನ ಅಲಂಕಾರಿಕ ಮೀನಿನ ಅಂಗಡಿ ಸಾಲನ್ನೂ ಪಲ್ಲಾವರದ ಶುಕ್ರವಾರದ ಸಂತೆಯನ್ನೂ ಕಂಡವರಿಗೆ ಚೆನ್ನೈನವರ ಸಾಕುವ ಆಸೆ ಎಷ್ಟು ಹಳೆಯದು, ಎಷ್ಟು ಅಗಲದ್ದು ಎಂದು ಬಿಡಿಸಿ ಹೇಳಬೇಕಿಲ್ಲ. ಮೀನಿನ ತೊಟ್ಟಿಯಿಂದ ಶುರುವಾದ ಆಸೆ ಆಮೆಮರಿಗೆ ಬರುತ್ತದೆ, ಆಮೆಯಿಂದ ಇಗ್ವಾನಾಕ್ಕೆ, ಅಲ್ಲಿಂದ ಹಾವಿಗೆ.

ತೊಂದರೆ ಇರುವುದು ಮೀನಿನ ತೊಟ್ಟಿಯ ಬುದ್ಧಿ ಜೊತೆಗೇ ಬರುವುದರಲ್ಲಿ. ಮೀನಿನ ತೊಟ್ಟಿಯಲ್ಲಿ ಹತ್ತು ಬಗೆ ಇದ್ದರೇ ಕಳೆ. ಅದೇ ಲೆಕ್ಕದಲ್ಲಿ ಗಾಜಿನ ಪೆಟ್ಟಿಗೆಗೂ ಮರಳು, ಕೊಂಬೆ, ಪುಟ್ಟ ಕೊಳ ಜೋಡಿಸಿ, ಕೊಂಬೆಗೊಂದು ಇಗ್ವಾನಾ, ಮರಳಿಗೊಂದು ಗೆಕ್ಕೊ, ನೀರಿಗೊಂದು ಆಮೆ ಬಿಟ್ಟರಾಯಿತು. ‘ಪಾಪ, ಒಂಟಿಯಾಗಿದ್ದರೆ ಬೇಜಾರಾಗುತ್ತೆ’ ಎಂಬ ಕನಿಕರದ ಮಾತೂ ಇದಕ್ಕೆ ಒತ್ತಾಸೆ.

ಬೇಜಾರು ನಮ್ಮದು. ಬಹುಪಾಲು ಸರೀಸೃಪಗಳು ಮೊಟ್ಟೆಯೊಡೆದು ಬಂದ ಕ್ಷಣದಿಂದ ಒಂಟಿ. ತಾಯಿಯ ಆರೈಕೆಯಿಲ್ಲ, ಒಡಹುಟ್ಟಿದವರ ನಂಟಿಲ್ಲ. ಅಪವಾದಗಳಿವೆ, ಇಲ್ಲವೆನ್ನಲಾರೆ. ಆಸ್ಟ್ರೇಲಿಯಾದ ಒಂದು ಜಾತಿಯ ಅರಣೆ ವರ್ಷ ವರ್ಷವೂ ಅದೇ ಸಂಗಾತಿಯನ್ನು ಹುಡುಕಿಕೊಂಡು ಬರುತ್ತದೆ. ಉತ್ತರ ಅಮೆರಿಕದ ಗಾರ್ಟರ್ ಹಾವುಗಳು ಚಳಿಗಾಲದಲ್ಲಿ ಸಾವಿರಗಟ್ಟಲೆ ಒಂದೇ ಬಿಲದಲ್ಲಿ ಮಲಗುತ್ತವೆ. ಅಲ್ಲಿಯೂ ನಂಟು ಸ್ವಜಾತಿಯೊಳಗಿನದು. ಅರಣೆ ಆಮೆಯನ್ನು ನೆನೆದು ಕೊರಗಿದ್ದನ್ನು ಯಾರೂ ಕಂಡಿಲ್ಲ.

ಬಿಸಿಲಿನ ಪಾಲುಪಟ್ಟಿ

ಸರೀಸೃಪಕ್ಕೆ ತನ್ನದೇ ಮೈಬಿಸಿ ಇಲ್ಲವೆಂಬುದು ಶಾಲೆಯಲ್ಲಿ ಓದಿದ ಪಾಠ. ಅದರ ಪರಿಣಾಮ ಮಾತ್ರ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ತಿಂದದ್ದು ಜೀರ್ಣವಾಗಬೇಕೇ, ಬಿಸಿ ಬೇಕು. ಸೋಂಕಿನ ಎದುರು ಮೈ ಹೋರಾಡಬೇಕೇ, ಬಿಸಿ ಬೇಕು. ಬಿಸಿ ಸಾಲದ ಹಾವು ನುಂಗಿದ ಇಲಿಯನ್ನು ಎರಡು ದಿನ ಬಿಟ್ಟು ಹಾಗೆಯೇ ಕಕ್ಕಿಬಿಡುತ್ತದೆ.

ಮತ್ತು ಒಂದೊಂದಕ್ಕೆ ಒಂದೊಂದು ಬಿಸಿ. ಘಾನಾ, ಟೋಗೊ, ಬೆನಿನ್ ಸೀಮೆಯ ಬಾಲ್ ಪೈಥಾನ್ ಹಗಲೆಲ್ಲ ಇಲಿಬಿಲದಲ್ಲಿ, ಗೆದ್ದಲು ಹುತ್ತದಲ್ಲಿ ಅಡಗಿರುವ ಹಾವು; ಅದಕ್ಕೆ 32 ಡಿಗ್ರಿ ಆಸುಪಾಸಿನ ಬೆಚ್ಚನೆಯ ಮೂಲೆ, ಸಾಕಷ್ಟು ತೇವ, ಕತ್ತಲು. ಆಸ್ಟ್ರೇಲಿಯಾದ ಒಣ ಒಳನಾಡಿನ ಬಿಯರ್ಡೆಡ್ ಡ್ರ್ಯಾಗನ್ ಓತಿಗೆ 40 ಡಿಗ್ರಿಯ ಕಾದ ಕಲ್ಲು, ಒಣಗಾಳಿ, ನೇರಳಾತೀತ ಕಿರಣ ಸೂಸುವ ದೀಪ. ಆ ಕಿರಣ ಸಿಗದಿದ್ದರೆ ಅದರ ಮೈಯಲ್ಲಿ ಡಿ ಜೀವಸತ್ವ ಹುಟ್ಟದು, ಮೂಳೆ ಮೆದುವಾಗಿ ದವಡೆ ಬಾಗುತ್ತದೆ. ಪಾಕಿಸ್ತಾನ, ಆಫ್ಘಾನಿಸ್ತಾನದ ಕಲ್ಲುಗುಡ್ಡಗಳ ಲೆಪರ್ಡ್ ಗೆಕ್ಕೊ ಹಗಲು ಮಲಗಿ ಇರುಳು ಏಳುವ ಹಲ್ಲಿ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಸಿರು ಇಗ್ವಾನಾ ಮಳೆಕಾಡಿನ ಮರದ ಮೇಲಿನ ಶುದ್ಧ ಸಸ್ಯಾಹಾರಿ. ಓತಿಗೆಂದು ಹಾಕಿದ ಹುಳುಗಳನ್ನು ದಿನವೂ ತಿಂದರೆ ಅದರ ಮೂತ್ರಪಿಂಡ ಸೋಲುತ್ತದೆ.

ಈಗ ಇವುಗಳನ್ನು ನಾಲ್ಕು ಅಡಿಯ ಪೆಟ್ಟಿಗೆಯೊಂದರಲ್ಲಿ ಕೂಡಿಸಿ. ಯಾರ ಬಿಸಿಲಿಗೆ ದೀಪ ಹಾಕುತ್ತೀರಿ? ಎಲ್ಲರಿಗೂ ಆಗಲಿ ಎಂದು 35 ಡಿಗ್ರಿಗೆ ಇಟ್ಟರೆ ಹಾವಿಗೆ ಹೆಚ್ಚು, ಓತಿಗೆ ಕಡಿಮೆ.

ಚೆನ್ನೈನಲ್ಲಂತೂ ಈ ಲೆಕ್ಕ ತಲೆಕೆಳಗು. ಯೂರೋಪಿನ ಹವ್ಯಾಸಿಗೆ ಪೆಟ್ಟಿಗೆಯನ್ನು ಕಾಯಿಸುವುದು ಹೇಗೆಂಬ ಚಿಂತೆ. ಇಲ್ಲಿ ಮೇ ತಿಂಗಳ ‘ಕತ್ತಿರಿ ವೆಯಿಲ್’ ದಿನಗಳಲ್ಲಿ ತಣ್ಣಗಿಡುವುದೇ ಚಿಂತೆ. ಹೊರಗೆ 40 ಡಿಗ್ರಿ ದಾಟಿದಾಗ ಕರೆಂಟು ಹೋಯಿತೆನ್ನಿ, ಗಾಜಿನ ಪೆಟ್ಟಿಗೆ ಒಲೆಯಾಗುತ್ತದೆ. ಇದರ ಮೇಲೆ ಕಡಲ ಗಾಳಿಯ ತೇವ. ಬಾಲ್ ಪೈಥಾನಿಗೆ ಆ ತೇವ ಒಗ್ಗೀತು. ಮರುಭೂಮಿಯ ಓತಿಗೆ ಉಸಿರಾಟದ ಸೋಂಕು ಹತ್ತುವುದು ಇಂಥ ಗಾಳಿಯಲ್ಲೇ.

ಆಮೆಯ ಕರುಳಿನ ಗುಟ್ಟು

ಬಿಸಿಲಿನ ತಕರಾರನ್ನು ದುಡ್ಡು ಸುರಿದು ಬಗೆಹರಿಸಬಹುದು ಎನ್ನೋಣ. ದೊಡ್ಡ ಪೆಟ್ಟಿಗೆ, ಎರಡು ದೀಪ, ಮೂರು ಮೂಲೆ. ದುಡ್ಡಿಗೆ ಬಗ್ಗದ ತಕರಾರು ಇನ್ನೊಂದಿದೆ. ಅದು ಕಣ್ಣಿಗೆ ಕಾಣುವುದಿಲ್ಲ.

1930ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದ ಪ್ರಯೋಗಾಲಯದಲ್ಲಿ ಹರ್ಬರ್ಟ್ ರ್ಯಾಟ್‌ಕ್ಲಿಫ್ ಮತ್ತು ಕ್ವೆಂಟಿನ್ ಗೈಮನ್ ಸತ್ತ ಸರೀಸೃಪಗಳ ಕರುಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಿದ್ದರು. ಹುಣ್ಣಾಗಿ ಕೊಳೆತ ಕರುಳುಗಳಲ್ಲಿ ಒಂದು ಅಮೀಬಾ ಸಿಕ್ಕಿತು. ಮನುಷ್ಯನಿಗೆ ಆಮಶಂಕೆ ತರುವ ಅಮೀಬಾದ ಹತ್ತಿರದ ಸಂಬಂಧಿ. ಇಂದು ಅದರ ಹೆಸರು ಎಂಟಮೀಬಾ ಇನ್ವೇಡೆನ್ಸ್.

ಈ ಅಮೀಬಾದ ನಡತೆ ವಿಚಿತ್ರ. ಬಹುಪಾಲು ಆಮೆಗಳ, ಮೊಸಳೆಗಳ ಕರುಳಿನಲ್ಲಿ ಅದು ವರ್ಷಗಟ್ಟಲೆ ಸುಮ್ಮನೆ ಇರುತ್ತದೆ. ಸೊಪ್ಪುಸದೆ ತಿನ್ನುವ ಆಮೆಯ ಕರುಳಿನಲ್ಲಿ ಪಿಷ್ಟ ಧಾರಾಳ. ಅಮೀಬಾಕ್ಕೆ ಅಲ್ಲೇ ಊಟ, ಗೋಡೆ ಕೊರೆಯುವ ಅಗತ್ಯವಿಲ್ಲ. ಆಮೆಗೆ ಜ್ವರವಿಲ್ಲ, ಭೇದಿಯಿಲ್ಲ, ಏನೂ ಇಲ್ಲ. ಅದರ ಹಿಕ್ಕೆಯಲ್ಲಿ ಮಾತ್ರ ಗಟ್ಟಿ ಕೋಶಗಳು ದಿನವೂ ಹೊರಬೀಳುತ್ತಿರುತ್ತವೆ.

ಅದೇ ನೀರಿನ ಬಟ್ಟಲಿನಿಂದ ಹಾವು ಕುಡಿಯುತ್ತದೆ.

ಮಾಂಸಾಹಾರಿ ಹಾವಿನ ಕರುಳಿನಲ್ಲಿ ಪಿಷ್ಟವಿಲ್ಲ. ಅಮೀಬಾ ಕರುಳಿನ ಗೋಡೆಯನ್ನೇ ತಿನ್ನಲು ಹೊರಡುತ್ತದೆ, ರಕ್ತದ ಜೊತೆ ಯಕೃತ್ತಿಗೆ ಇಳಿಯುತ್ತದೆ. ಹಾವು ಊಟ ಬಿಡುತ್ತದೆ, ನೀರು ನೀರು ಎನ್ನುತ್ತದೆ, ರಕ್ತ ಬೆರೆತ ಲೋಳೆ ಹಾಕುತ್ತದೆ. ಕೆಲವೇ ವಾರಗಳಲ್ಲಿ ಕಥೆ ಮುಗಿಯುತ್ತದೆ. ಪಕ್ಕದಲ್ಲಿ ಆಮೆ ಎಂದಿನಂತೆ ಕೋಸಿನ ಎಲೆ ಮೆಲ್ಲುತ್ತಿರುತ್ತದೆ. ಮನೆಯವರಿಗೆ ಆಮೆಯ ಮೇಲೆ ಅನುಮಾನವೂ ಬರುವುದಿಲ್ಲ.

ಬೆರೆಸಿ ಸಾಕುವುದರ ಕೇಡು ಇಷ್ಟೊಂದು ಸ್ವಚ್ಛವಾಗಿ ಕಾಣುವ ಉದಾಹರಣೆ ಬೇರೊಂದಿಲ್ಲ. ಯಾರೂ ಯಾರನ್ನೂ ಕಚ್ಚಲಿಲ್ಲ, ಯಾರೂ ಜಗಳವಾಡಲಿಲ್ಲ; ಆದರೂ ಒಂದು ಸತ್ತಿತು. ‘ನಮ್ಮ ಮನೆಯಲ್ಲಿ ಎರಡೂ ಚೆನ್ನಾಗಿ ಹೊಂದಿಕೊಂಡಿವೆ’ ಎನ್ನುವವರಿಗೆ ಜಗಳವಿಲ್ಲದಿರುವುದೇ ಸಾಕ್ಷಿ. ಆ ಸಾಕ್ಷಿ ನಿಲ್ಲುವುದಿಲ್ಲ.

ಇದೇ ಬಗೆಯ ಏಕಪಕ್ಷೀಯ ರೋಗಗಳು ಇನ್ನೂ ಇವೆ. ಬೋವಾ ಹಾವುಗಳಲ್ಲಿ ವರ್ಷಗಟ್ಟಲೆ ಅಡಗಿರಬಲ್ಲ ವೈರಸ್ ಒಂದಿದೆ, 2012ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಅದನ್ನು ಗುರುತಿಸಿದರು. ಹೆಬ್ಬಾವಿಗೆ ತಗುಲಿದರೆ ನರಮಂಡಲ ಕೆಟ್ಟು ತಲೆ ಹಿಂದಕ್ಕೆ ತಿರುಚಿಕೊಳ್ಳುತ್ತದೆ, ಬೇಗನೆ ಸಾಯುತ್ತದೆ. ಮೆಡಿಟರೇನಿಯನ್ ಸೀಮೆಯ ಎರಡು ಆಮೆ ಜಾತಿಗಳಲ್ಲಿ ಒಂದು ಹರ್ಪಿಸ್ ವೈರಸ್ಸನ್ನು ಹೊತ್ತು ಆರಾಮವಾಗಿರುತ್ತದೆ, ಇನ್ನೊಂದು ಅದೇ ವೈರಸ್ಸಿಗೆ ಬಲಿಯಾಗುತ್ತದೆ. ಆಮೆ ಆಮೆಯ ನಡುವೆಯೇ ಹೀಗಾದರೆ ಆಮೆ, ಹಾವಿನ ಮಾತೇನು?

[ಬಾಕ್ಸ್] ಮರಿಯಾಮೆ ಮತ್ತು ಮಕ್ಕಳ ಬಾಯಿ

● ಸರೀಸೃಪಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಮಾನ್ಯ. ಅವಕ್ಕೆ ತೊಂದರೆಯಿಲ್ಲ, ಮನುಷ್ಯರಿಗೆ ವಾಂತಿಭೇದಿ, ಜ್ವರ.

● ಮಕ್ಕಳು ಮರಿಯಾಮೆಯನ್ನು ಬಾಯಿಗೆ ಹಾಕಿಕೊಳ್ಳುತ್ತವೆಂಬ ಕಾರಣಕ್ಕೆ ಅಮೆರಿಕ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು.

● ಮುಟ್ಟಿದ ಮೇಲೆ ಸೋಪಿನಲ್ಲಿ ಕೈತೊಳೆಯಿರಿ. ಬಟ್ಟಲು, ತೊಟ್ಟಿಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಒಂದರ ಮೇಲೊಂದು ಮಲಗಿದರೆ ಪ್ರೀತಿಯೇ?

ಎರಡು ಓತಿಗಳು ಒಂದೇ ಕಲ್ಲಿನ ಮೇಲೆ, ಒಂದರ ಬೆನ್ನ ಮೇಲೊಂದು. ಫೋನು ತೆಗೆದು ಫೋಟೊ ಹೊಡೆಯುವಂಥ ದೃಶ್ಯ. ನಿಜವಾಗಿ ಅಲ್ಲಿ ನಡೆಯುತ್ತಿರುವುದು ಜಾಗದ ವ್ಯಾಜ್ಯ. ಪೆಟ್ಟಿಗೆಯಲ್ಲಿ ಬೆಚ್ಚಗಿನ ಸ್ಥಳ ಒಂದೇ. ಮೇಲಿರುವುದಕ್ಕೆ ದೀಪದ ಬೆಳಕು ಪೂರ್ತಿ, ಕೆಳಗಿನದ್ದಕ್ಕೆ ನೆರಳು. ಕೆಳಗಿನದ್ದು ದಿನೇ ದಿನೇ ಸೊರಗುತ್ತದೆ.

ಫ್ರಾನ್ಸಿನ ಆಂಟೊಯಿನ್ ಕಾಡಿ ಮತ್ತು ಪಿಯರ್ ಜೋಲಿ ಇದನ್ನು ಕೊಳಗಳಲ್ಲಿ ಪರೀಕ್ಷಿಸಿದರು. ಯೂರೋಪಿನ ಕೊಳದ ಆಮೆಗಳ ಜೊತೆ ಅಮೆರಿಕದ ರೆಡ್ ಇಯರ್ಡ್ ಸ್ಲೈಡರ್, ಅಂದರೆ ಕೆನ್ನೆಯ ಮೇಲೆ ಕೆಂಪು ಪಟ್ಟಿಯ ಆಮೆಗಳನ್ನು ಬಿಟ್ಟರು. 2003 ಮತ್ತು 2004ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಬಿಸಿಲು ಕಾಯಿಸುವ ಒಳ್ಳೆಯ ಜಾಗಗಳೆಲ್ಲ ಅಮೆರಿಕದವುಗಳ ಪಾಲಾದವು, ಸ್ಥಳೀಯ ಆಮೆಗಳು ತೂಕ ಕಳೆದುಕೊಂಡವು, ಹೆಚ್ಚು ಸತ್ತವು. ಹೊರಗಿನಿಂದ ನೋಡಿದರೆ ಶಾಂತ ಕೊಳ. ಅಷ್ಟರಲ್ಲಾಗಲೇ ಯೂರೋಪಿಯನ್ ಒಕ್ಕೂಟ ಈ ಆಮೆಯ ಆಮದಿಗೆ 1997ರಲ್ಲೇ ತಡೆ ಹಾಕಿತ್ತು.

ಕೊಳದಲ್ಲೇ ಹೀಗೆ. ಹಜಾರದ ಟಬ್ಬಿನಲ್ಲಿ ಏನಾದೀತೆಂದು ಊಹಿಸುವುದು ಕಷ್ಟವಲ್ಲ. ಚೆನ್ನೈ, ಬೆಂಗಳೂರುಗಳಲ್ಲಿ ಅತಿ ಸುಲಭವಾಗಿ ಸಿಗುವ ಸರೀಸೃಪ ಇದೇ ಕೆಂಪುಪಟ್ಟಿ ಆಮೆ. ಕೊಳ್ಳುವಾಗ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಬೆಳೆದರೆ ಊಟದ ತಟ್ಟೆಯಗಲ, ಆಯಸ್ಸು ಮೂವತ್ತು ವರ್ಷ ದಾಟೀತು.

ಒತ್ತಡಕ್ಕೆ ಸಿಕ್ಕ ಸರೀಸೃಪ ಕೂಗುವುದಿಲ್ಲ. ನಾಯಿಯಂತೆ ಮೂಲೆ ಸೇರಿ ಕುಂಯ್‌ಗುಡುವುದಿಲ್ಲ. ಊಟ ಕಡಿಮೆ ಮಾಡುತ್ತದೆ, ಅಡಗುತ್ತದೆ, ಗಾಜಿಗೆ ಮೂತಿ ಉಜ್ಜುತ್ತದೆ. ಇದನ್ನು ‘ಸಾಧು’ ಎಂದು ಓದಿಕೊಳ್ಳುವ ಮನೆಗಳೇ ಹೆಚ್ಚು.

ಇರುಳರ ಮಡಕೆ ಹೇಳುವುದೇನು

ಈ ವಿಷಯದಲ್ಲಿ ಚೆನ್ನೈಗೆ ಪಾಠ ಹೊರಗಿನಿಂದ ಬರಬೇಕಿಲ್ಲ. ದೇಶದ ಮೊದಲ ಹಾವಿನ ಉದ್ಯಾನ ಗಿಂಡಿಯಲ್ಲಿ ತೆರೆದದ್ದು 1972ರಲ್ಲಿ. ಅದನ್ನು ಕಟ್ಟಿದ ರಾಮ್ಯುಲಸ್ ವಿಟೇಕರ್, ಝಾಯಿ ವಿಟೇಕರ್ ಮತ್ತು ಗೆಳೆಯರು 1976ರಲ್ಲಿ ನಗರದಿಂದ ಸುಮಾರು 40 ಕಿಲೋಮೀಟರ್ ದೂರದ ವಡನೆಮ್ಮೇಲಿಯಲ್ಲಿ, ಮಹಾಬಲಿಪುರದ ದಾರಿಯಲ್ಲಿ, ಕಡಲ ಮಗ್ಗುಲಿನ ಎಂಟೂವರೆ ಎಕರೆಯಲ್ಲಿ ಮೊಸಳೆ ಬ್ಯಾಂಕ್ ತೆರೆದರು. 2026ಕ್ಕೆ ಅದಕ್ಕೆ ಐವತ್ತು. ಕನ್ನಡಿಗರಿಗೆ ವಿಟೇಕರ್ ಹೆಸರು ಆಗುಂಬೆಯಿಂದಲೂ ಪರಿಚಿತ. 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದದ್ದು ಅವರೇ. 2018ರಲ್ಲಿ ಪದ್ಮಶ್ರೀ ಬಂತು.

ಮೊಸಳೆ ಬ್ಯಾಂಕಿನ ಆವರಣದಲ್ಲೇ ಹಾವು ಹಿಡಿಯುವ ಇರುಳರ ಸಹಕಾರ ಸಂಘದ ವಿಷ ತೆಗೆಯುವ ಕೇಂದ್ರವಿದೆ. ಹಾವಿನ ಚರ್ಮದ ವ್ಯಾಪಾರಕ್ಕೆ ಎಪ್ಪತ್ತರ ದಶಕದಲ್ಲಿ ಕಾನೂನು ಬೀಗ ಹಾಕಿದಾಗ ಹಾವು ಹಿಡಿದೇ ಬದುಕುತ್ತಿದ್ದ ಇರುಳರಿಗೆ ಕೂಳಿಲ್ಲದಂತಾಯಿತು. 1978ರಲ್ಲಿ ಸಂಘ ಹುಟ್ಟಿತು. ಹಿಡಿದ ಹಾವನ್ನು ಕೆಲವು ವಾರ ಇಟ್ಟುಕೊಂಡು, ನಾಲ್ಕಾರು ಬಾರಿ ವಿಷ ತೆಗೆದು, ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಕಾಡಿಗೆ ಬಿಡುತ್ತಾರೆ. ದೇಶದಲ್ಲಿ ಹಾವು ಕಡಿತಕ್ಕೆ ಕೊಡುವ ಔಷಧ ತಯಾರಾಗುವುದು ಬಹುಮಟ್ಟಿಗೆ ಈ ವಿಷದಿಂದ.

ಅಲ್ಲಿ ಹಾವಿಗೆ ಮನೆಯೆಂದರೆ ಮಣ್ಣಿನ ಮಡಕೆ. ಬಾಯಿಗೆ ಬಟ್ಟೆ ಕಟ್ಟಿದ, ಒಳಗೆ ಕತ್ತಲೂ ತಂಪೂ ಇರುವ ಮಡಕೆಗಳ ಸಾಲು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ: ನಾಲ್ಕು ಬಗೆಯ ಹಾವು. ಜಾತಿ ಬೇರೆಯಾದರೆ ಮಡಕೆಯೂ ಬೇರೆ. ಕಟ್ಟುಹಾವು ಬೇರೆ ಹಾವುಗಳನ್ನು ನುಂಗುತ್ತದೆಂದು ಇರುಳರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ಗಾಜಿನ ಪೆಟ್ಟಿಗೆಗೆ ಸಾವಿರಗಟ್ಟಲೆ ಸುರಿಯುವವರು ಟಿಕೆಟ್ ಕೊಂಡು ಒಮ್ಮೆ ಈ ಮಡಕೆಗಳನ್ನು ನೋಡಿ ಬಂದರೆ ಅರ್ಧ ವಿದ್ಯೆ ಬಂದಂತೆ.

ಮೊಸಳೆಗಳ ಕಥೆ ಸ್ವಲ್ಪ ಬೇರೆ. ಸರೀಸೃಪಗಳಲ್ಲೇ ಇವು ಗುಂಪಿಗೆ ಒಗ್ಗುವ ಬಗೆ. ಮರಿಯನ್ನು ಬಾಯಲ್ಲಿಟ್ಟು ನೀರಿಗೆ ಒಯ್ಯುವ ತಾಯಂದಿರು ಇವು. ವಡನೆಮ್ಮೇಲಿಯ ಕೊಳಗಳಲ್ಲಿ ನಮ್ಮ ನಾಡಿನ ಮಗ್ಗರ್ ಮೊಸಳೆಗಳು ರಾಶಿ ರಾಶಿಯಾಗಿ ಮಲಗಿರುವುದನ್ನು ಕಂಡವರೆಲ್ಲ ಮೊದಲು ಕೇಳುವುದು ‘ಇವು ಕಚ್ಚಾಡುವುದಿಲ್ಲವೇ?’ ಎಂದು. ಕಚ್ಚಾಡುತ್ತವೆ, ಆದರೆ ಗುಂಪಿನೊಳಗೆ ದೊಡ್ಡವರು ಸಣ್ಣವರೆಂಬ ಕಟ್ಟಳೆಯಿದೆ, ಸೋತವನು ಸರಿಯಲು ಜಾಗವಿದೆ. ಅದೇ ಉಪ್ಪುನೀರಿನ ಮೊಸಳೆಗೆ ಈ ಸಂಸಾರವೇ ಒಗ್ಗದು. ‘ಜಾಸ್ III’ ಎಂಬ ಹೆಸರಿನಿಂದ ಇಲ್ಲಿ ಪ್ರಸಿದ್ಧವಾದ, ಐದು ಮೀಟರಿಗೂ ಉದ್ದನೆಯ ಗಂಡಿಗೆ ಕೊಟ್ಟದ್ದು ಒಂಟಿ ಆವರಣ.

ಬೇರೆ ಬೇರೆ ಜೀವಿಗಳ ಸಹವಾಸವೂ ಇಲ್ಲಿ ತಾನಾಗಿಯೇ ನಡೆದಿದೆ. ಮಗ್ಗರ್ ಕೊಳದ ಮೇಲಿನ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಕೆಳಗೆ ಮೊಸಳೆ ಇದ್ದರೆ ಮರ ಹತ್ತಿ ಮೊಟ್ಟೆ ಕದಿಯುವ ಪ್ರಾಣಿಗಳ ಕಾಟವಿಲ್ಲ. ಆ ರಕ್ಷಣೆಗೆ ಬಾಡಿಗೆಯೂ ಉಂಟು. ವಿಜ್ಞಾನಿ ವ್ಲಾದಿಮಿರ್ ಡಿನೆಟ್ಸ್ 2007ರಲ್ಲಿ ಇಲ್ಲಿ ಗಮನಿಸಿದ್ದು: ಮೊಸಳೆ ನೀರಿನಲ್ಲಿ ಮುಳುಗಿ, ಮೂತಿಯ ಮೇಲೆ ಒಂದೆರಡು ಕಡ್ಡಿ ಇಟ್ಟುಕೊಂಡು ಅಲುಗದೆ ಮಲಗಿತ್ತು. ಗೂಡಿಗೆ ಕಡ್ಡಿ ಹುಡುಕುವ ಕಾಲ. ಬೆಳ್ಳಕ್ಕಿ ಕಡ್ಡಿಗೆಂದು ಹತ್ತಿರ ಬಂದದ್ದೇ ಮೊಸಳೆ ಎರಗಿತು. 2013ರಲ್ಲಿ ಪ್ರಕಟವಾದ ಆ ಪ್ರಬಂಧ ಮೊಸಳೆಗಳೂ ಬೇಟೆಗೆ ಸಲಕರಣೆ ಬಳಸುತ್ತವೆಂದು ವಾದಿಸಿ ಲೋಕದ ಗಮನ ಸೆಳೆಯಿತು.

ನಿಸರ್ಗದ ಸಹವಾಸಗಳೆಲ್ಲ ಹೆಚ್ಚುಕಡಿಮೆ ಇಂಥವೇ. ನ್ಯೂಜಿಲೆಂಡಿನ ಟುವಟಾರಾ ಎಂಬ ಸರೀಸೃಪ ಕಡಲಹಕ್ಕಿಯ ಬಿಲದಲ್ಲಿ ಉಳಿದುಕೊಳ್ಳುತ್ತದೆ, ಹಸಿದಾಗ ಮನೆ ಯಜಮಾನನ ಮೊಟ್ಟೆಮರಿಗಳನ್ನೇ ತಿನ್ನುತ್ತದೆ. ನಮ್ಮ ಹೊಲದ ಹಾವು ಇಲಿ ತೋಡಿದ ಬಿಲದಲ್ಲಿ ಮಲಗುತ್ತದೆ, ಇಲಿಯನ್ನು ತಿಂದ ಮೇಲೆ. ಬೆಳ್ಳಕ್ಕಿಗೆ ಹಾರಿಹೋಗಲು ಆಕಾಶವಿದೆ, ಆದ್ದರಿಂದಲೇ ಈ ಒಪ್ಪಂದ ನಡೆಯುತ್ತದೆ. ನಾಲ್ಕು ಅಡಿಯ ಗಾಜಿನೊಳಗೆ ಆ ದಾರಿಯನ್ನೇ ಮುಚ್ಚಿರುತ್ತೇವೆ.

[ಬಾಕ್ಸ್] ಫ್ಲೋರಿಡಾಕ್ಕೆ ಹೋದ ಇರುಳರು

● ಸಾಕಿ ಬೇಸತ್ತು ಬಿಟ್ಟ, ತಪ್ಪಿಸಿಕೊಂಡ ಬರ್ಮೀಸ್ ಹೆಬ್ಬಾವುಗಳು ಅಮೆರಿಕದ ಫ್ಲೋರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬೆಳೆದು, ಅಲ್ಲಿನ ಸಣ್ಣ ಪ್ರಾಣಿಗಳನ್ನು ಬರಿದು ಮಾಡಿವೆ.

● 2017ರಲ್ಲಿ ಅವನ್ನು ಹಿಡಿಯಲು ತಮಿಳುನಾಡಿನಿಂದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಹೋದರು. ಮೊದಲ ಎರಡು ವಾರದೊಳಗೇ 13 ಹೆಬ್ಬಾವು ಹಿಡಿದರು. ಅದರಲ್ಲೊಂದು 16 ಅಡಿಯ ಹೆಣ್ಣು.

● 2023ರಲ್ಲಿ ಇಬ್ಬರಿಗೂ ಪದ್ಮಶ್ರೀ.

ಮೃಗಾಲಯ ಮಾಡಿದರೆ ಸರಿಯೇ?

ಮಾಡುತ್ತವೆ, ನಿಜ. ದೊಡ್ಡ ಮೃಗಾಲಯಗಳಲ್ಲಿ ಆಮೆ, ಇಗ್ವಾನಾ, ಮೀನು, ಹಕ್ಕಿ ಒಂದೇ ಆವರಣದಲ್ಲಿರುವುದುಂಟು. ಹವ್ಯಾಸಿಗಳು ತೋರಿಸುವ ಸಮರ್ಥನೆಯೂ ಇದೇ.

ಆದರೆ ಅಲ್ಲಿ ಮೊದಲ ಪ್ರಶ್ನೆ, ಈ ಜೀವಿಗಳು ಒಂದೇ ಸೀಮೆಯವೇ ಎಂಬುದು. ಚಂಬಲ್ ನದಿಯಲ್ಲಿ ಘಡಿಯಾಲ್, ಮಗ್ಗರ್, ಹಲವು ಜಾತಿಯ ಆಮೆಗಳು ಹೇಗೂ ಒಂದೇ ಮರಳದಂಡೆಯಲ್ಲಿ ಬಿಸಿಲು ಕಾಯಿಸುತ್ತವೆ. ಎರಡನೆಯದು ಜಾಗ: ಅಡಿಗಳಲ್ಲಲ್ಲ, ಗುಂಟೆಗಳಲ್ಲಿ. ಮೂರನೆಯದು, ಹೊಸದಾಗಿ ಬಂದದ್ದನ್ನು ಒಂದರಿಂದ ಮೂರು ತಿಂಗಳು ಪ್ರತ್ಯೇಕವಾಗಿಟ್ಟು ಹಿಕ್ಕೆ, ರಕ್ತ ಪರೀಕ್ಷಿಸುವ ಪಶುವೈದ್ಯರು. ಕೊನೆಯದಾಗಿ, ಹೊಂದದಿದ್ದರೆ ಆ ಸಂಜೆಯೇ ಬೇರೆ ಮಾಡಲು ಖಾಲಿ ಆವರಣ. ಹಜಾರದಲ್ಲಿ ಈ ನಾಲ್ಕರಲ್ಲಿ ಒಂದೂ ಇರುವುದಿಲ್ಲ.

ಇಷ್ಟಾಗಿಯೂ ದೊಡ್ಡವರು ಎಡವಿದ್ದಾರೆ. ಥಾಯ್ಲೆಂಡಿನ ಮೊಸಳೆ ಫಾರಂಗಳಲ್ಲಿ ಸಯಾಮಿ ಮೊಸಳೆಯನ್ನೂ ಉಪ್ಪುನೀರಿನ ಮೊಸಳೆಯನ್ನೂ ಬೆರೆಸಿದರು. ಮಿಶ್ರತಳಿ ಬೇಗ ಬೆಳೆಯಿತು, ಚರ್ಮಕ್ಕೆ ಬೆಲೆ ಬಂತು. ಕಾಡಿನಲ್ಲಿ ಸಯಾಮಿ ಮೊಸಳೆ ಅಳಿವಿನಂಚಿಗೆ ಬಂದು, ಫಾರಂನಿಂದ ಮರಿ ಬಿಡೋಣವೆಂದು ಹೊರಟಾಗ ಯಾವುದು ಅಸಲಿ ಎಂದು ತಿಳಿಯಲು ಒಂದೊಂದರ ಡಿಎನ್‌ಎ ಪರೀಕ್ಷಿಸಬೇಕಾದ ಪಾಡು.

[ಬಾಕ್ಸ್] ಕಾನೂನು ಏನನ್ನುತ್ತದೆ?

● ನಕ್ಷತ್ರ ಆಮೆ, ಉಡ, ನಾಗರ, ಕೇರೆ, ಹೆಬ್ಬಾವು ಮುಂತಾದ ನಮ್ಮ ನೆಲದ ಸರೀಸೃಪಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಕಾವಲಿರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ.

● 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿ. ಅಂತರರಾಷ್ಟ್ರೀಯ ‘ಸೈಟಿಸ್’ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳಿಗೆ ಪ್ರತ್ಯೇಕ ಅನುಸೂಚಿ ಬಂತು. ಬಾಲ್ ಪೈಥಾನ್, ಹಸಿರು ಇಗ್ವಾನಾ ಈ ಪಟ್ಟಿಯಲ್ಲಿವೆ.

● ಇಂಥವನ್ನು ಸಾಕಿರುವವರು 2024ರ ನಿಯಮಗಳಂತೆ ‘ಪರಿವೇಶ್’ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಮರಿ ಹಾಕಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು.

ಕೋಲಾರದ ಆಮೆ, ಸಿಂಗಪುರದ ಟಬ್

ಬೆರೆಸುವುದರ ಬಿಸಿ ನಮ್ಮ ಹೊಲಗಳವರೆಗೂ ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಿಂದ ಆಂಧ್ರದ ಗಡಿಯವರೆಗಿನ ಕುರುಚಲು ಬಯಲು ನಕ್ಷತ್ರ ಆಮೆಯ ತವರು. ಅಲ್ಲಿಂದ ಕದ್ದ ಆಮೆಗಳು ಚೆನ್ನೈ ದಾಟಿ ಆಗ್ನೇಯ ಏಷ್ಯಾಕ್ಕೆ ಹೋಗುವುದು ಹಳೆಯ ದಂಧೆ. 2019ರಲ್ಲಿ ಸೈಟಿಸ್ ಈ ಆಮೆಯನ್ನು ತನ್ನ ಅತಿ ಬಿಗಿಯಾದ ಪಟ್ಟಿಗೆ ಏರಿಸಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಹಾಕಿತು.

ಸಿಂಗಪುರದಲ್ಲಿ ವಶಪಡಿಸಿಕೊಂಡ 51 ನಕ್ಷತ್ರ ಆಮೆಗಳು 2018ರ ನವೆಂಬರಿನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ವಾಪಸ್ಸಾದವು. ತವರಿಗೆ ಬಂದವಲ್ಲ, ಬಯಲಿಗೆ ಬಿಟ್ಟರಾಯಿತು ಎನ್ನುವಂತಿರಲಿಲ್ಲ. ಮೊದಲು ಬನ್ನೇರುಘಟ್ಟದಲ್ಲಿ ಪ್ರತ್ಯೇಕವಾಸ. ಪರದೇಶದ ಟಬ್ಬುಗಳಲ್ಲಿ ಯಾವ ಯಾವ ಜಾತಿಯ ಆಮೆಗಳ ನೀರು ಕುಡಿದು ಬಂದಿವೆಯೋ, ಯಾವ ಸೋಂಕನ್ನು ಸದ್ದಿಲ್ಲದೆ ಹೊತ್ತಿವೆಯೋ? ಅಂಥ ಒಂದೇ ಒಂದು ಆಮೆ ಸಾಕು, ಬಯಲಿನ ಉಳಿದ ಆಮೆಗಳಿಗೆ ಕುತ್ತು ತರಲು.

ಉಲ್ಟಾ ದಾರಿಯೂ ಇದೆ. ದೊಡ್ಡದಾದ ಕೆಂಪುಪಟ್ಟಿ ಆಮೆಯನ್ನು ಏನು ಮಾಡುವುದೆಂದು ತಿಳಿಯದೆ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಡುವವರಿದ್ದಾರೆ. ಪುಣ್ಯದ ಕೆಲಸವೆಂದೇ ತಿಳಿದು ಬಿಡುತ್ತಾರೆ. ಕೇರಳದ ತ್ರಿಶೂರಿನ ಕಾಲುವೆಯಲ್ಲಿ 2018ರಲ್ಲಿ ಈ ಆಮೆ ಸಿಕ್ಕಾಗ ಅಲ್ಲಿನ ಅರಣ್ಯ ಸಂಶೋಧಕರು ಗಾಬರಿಯಾದದ್ದು ಸುಮ್ಮನೆ ಅಲ್ಲ. ಫ್ರಾನ್ಸಿನ ಕೊಳದಲ್ಲಿ ನಡೆದದ್ದು ನಮ್ಮ ಕೆರೆಯಲ್ಲಿ ನಡೆಯಲಾರದೆನ್ನಲು ಕಾರಣಗಳಿಲ್ಲ.

ಸಾಕಲೇಬಾರದು ಎಂಬ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಕಾನೂನು ಒಪ್ಪುವ ಒಂದು ಹಾವನ್ನೋ ಓತಿಯನ್ನೋ ಅದಕ್ಕೆ ಬೇಕಾದ ಬಿಸಿಲು, ತೇವ, ಅಡಗುತಾಣ ಕೊಟ್ಟು ಇಪ್ಪತ್ತು ವರ್ಷ ಚೆನ್ನಾಗಿ ನೋಡಿಕೊಳ್ಳುವವರೂ ಇದ್ದಾರೆ. ಅಂಥವರ ಮನೆಯಲ್ಲಿ ಪೆಟ್ಟಿಗೆಗೊಂದೇ ಪ್ರಾಣಿ ಇರುತ್ತದೆ, ಪೆಟ್ಟಿಗೆಗೊಂದು ಬಟ್ಟಲು, ಇಕ್ಕಳ ಕೂಡ ಬೇರೆ ಬೇರೆ.

ಈಗಾಗಲೇ ಬೆರೆಸಿ ಇಟ್ಟಿದ್ದರೆ ಇವತ್ತೇ ಬೇರೆ ಮಾಡಿ. ಪ್ಲಾಸ್ಟಿಕ್ ಡಬ್ಬಕ್ಕೆ ಗಾಳಿತೂತು ಮಾಡಿದರೂ ತಾತ್ಕಾಲಿಕವಾಗಿ ನಡೆಯುತ್ತದೆ. ಆಮೆಯಿದ್ದ ನೀರನ್ನು ಹಾವಿನ ಹತ್ತಿರ ಸುಳಿಯಗೊಡಬೇಡಿ. ಯಾವುದಾದರೂ ಪ್ರಾಣಿ ಊಟ ಬಿಟ್ಟಿದ್ದರೆ ಅದರ ಹಿಕ್ಕೆಯ ಸಮೇತ ಪಶುವೈದ್ಯರಲ್ಲಿಗೆ ಹೋಗಿ; ಚೆನ್ನೈನವರಿಗೆ ವೇಪೇರಿಯಲ್ಲಿ, 1903ರಲ್ಲಿ ಶುರುವಾದ ಮದ್ರಾಸ್ ಪಶುವೈದ್ಯಕೀಯ ಕಾಲೇಜಿದೆ. ಸಾಕಲು ಆಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಕೆರೆಗೆ ಮಾತ್ರ ಬಿಡಬೇಡಿ.

ಹತ್ತು ಬಗೆಯನ್ನು ಒಟ್ಟಿಗೆ ನೋಡುವ ಆಸೆ ಇನ್ನೂ ಉಳಿದಿದ್ದರೆ ಮಕ್ಕಳನ್ನು ಕರೆದುಕೊಂಡು ಗಿಂಡಿಗೋ ವಡನೆಮ್ಮೇಲಿಗೋ ಹೋಗಿಬನ್ನಿ. ಹಾವಿನ ಉದ್ಯಾನಕ್ಕೆ ಮಂಗಳವಾರ ರಜೆ, ಮೊಸಳೆ ಬ್ಯಾಂಕಿಗೆ ಸೋಮವಾರ.